ಕುರಿಯ ತಲೆಯೊಳಗಿನ ಪಂಚಾಂಗ: ಟಗರು ಬಿಡುವ ಮೊದಲು ತಿಳಿದಿರಬೇಕಾದದ್ದು

“ಟಗರ ಬಿಟ್ಟು ಹದಿನೈದ ದಿನ ಆತ್ರಿ, ಒಂದ ಕುರೀನೂ ಬೆದಿಗಿ ಬಂದಿಲ್ಲ. ಟಗರಿನ್ಯಾಗ ದೋಷ ಐತೇನು?”

ಮಿರಗದ ಮಳೆ ಹತ್ತಿರ ಬಂತೆಂದರೆ ಜತ್ತ, ಸಂಖ, ಉಮದಿ, ಅಕ್ಕಲಕೋಟೆ ಕಡೆಯ ಕುರಿಗಾರರಿಂದ ಬರುವ ಮೊದಲ ಪ್ರಶ್ನೆ ಇದು. ಮೊಬೈಲಿನಲ್ಲಿ ಹೊರದೇಶದ ವಿಡಿಯೊ ನೋಡಿದವರು ದಡ್ಡಿಗೆ ಕತ್ತಲು ಮಾಡಬೇಕೋ ಬೆಳಕು ಹಾಕಬೇಕೋ ಎಂದು ಕೇಳುತ್ತಾರೆ. ಇನ್ನು ಕೆಲವರಿಗೆ ಬೆದೆ ಬರಿಸುವ ಔಷಧದ ಹೆಸರು ಬೇಕು. ಮೂರೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ, ಕುರಿಯ ಮೆದುಳಿನಲ್ಲಿ. ಬೆದೆ ಹುಟ್ಟುವುದು ಗರ್ಭಕೋಶದಲ್ಲಿ ಅಲ್ಲ, ತಲೆಯಲ್ಲಿ. ಅಲ್ಲಿ ಒಂದು ಬಾಗಿಲಿದೆ. ಇಂಗ್ಲೆಂಡಿನ ಕುರಿಗೆ ಆ ಬಾಗಿಲನ್ನು ತೆರೆಯುವುದು ಹಗಲಿನ ಉದ್ದ. ನಮ್ಮ ದಖ್ಖನಿ ಕುರಿಗೆ, ಮಾಡಗ್ಯಾಳ ಕುರಿಗೆ ಅದೇ ಬಾಗಿಲನ್ನು ಹೆಚ್ಚಾಗಿ ಹಸಿ ಮೇವು ಮತ್ತು ಹೊಸ ಟಗರು ತೆರೆಯುತ್ತವೆ. ಇದು ಗೊತ್ತಿಲ್ಲದೆ ಅಲ್ಲಿಯ ಉಪಾಯವನ್ನು ಇಲ್ಲಿ ಮಾಡಲು ಹೋದರೆ ದುಡ್ಡೂ ಹೋಗುತ್ತದೆ, ಒಂದು ಸೂಲೂ ಹೋಗುತ್ತದೆ.

ಏನೇನು ಬೇಕು

ದೊಡ್ಡ ಖರ್ಚಿನದು ಏನೂ ಇಲ್ಲ. ದಿನಾಂಕ ಬರೆಯಲು ಒಂದು ನೋಟ್‌ಬುಕ್, ಕುರಿಗಳಿಗೆ ಕಿವಿಯ ಬಿಲ್ಲೆ ಅಥವಾ ನಿಮ್ಮದೇ ಗುರುತು, ಕಾವಿ ಮತ್ತು ನೀಲಿ ಬಣ್ಣ, ಕಲಸಲು ಅಡುಗೆ ಎಣ್ಣೆ. ಕುರಿಗೆ ದಿನಕ್ಕೆ ಕಾಲು ಕಿಲೋದಷ್ಟು ಕಾಳು ನಾಲ್ಕೈದು ವಾರಕ್ಕೆ ಸಾಕಾಗುವಷ್ಟು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಟಗರನ್ನು ಒಂದು ತಿಂಗಳು ಹಿಂಡಿನಿಂದ ದೂರ ಇಡಲು ಒಂದು ಜಾಗ. ನೆಂಟರ ಹೊಲವಾದರೂ ಸರಿ.

ಹಂತ 1: ಮೆದುಳಿನ ಸುದ್ದಿ ಹೇಗೆ ಸಾಗುತ್ತದೆ ಎಂದು ತಿಳಿಯಿರಿ

ಈ ಹಂತದಲ್ಲಿ ಕೈಯಿಂದ ಮಾಡುವ ಕೆಲಸ ಏನೂ ಇಲ್ಲ. ಆದರೂ ದಯವಿಟ್ಟು ಬಿಟ್ಟು ಹೋಗಬೇಡಿ. ಮುಂದಿನ ಪ್ರತಿ ಹಂತಕ್ಕೂ ಕಾರಣ ಇಲ್ಲೇ ಇದೆ.

ಕುರಿಯ ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ನರಗಳ ಮೂಲಕ ಮೆದುಳಿನ ಒಂದು ಗಡಿಯಾರಕ್ಕೆ ಹೋಗುತ್ತದೆ. ಅಲ್ಲಿಂದ ಅದು ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿನಿಂದ ಮತ್ತೆ ತಲೆಗೆ ಏರಿ, ಪೀನಿಯಲ್ ಎಂಬ ಪುಟ್ಟ ಗ್ರಂಥಿಯನ್ನು ಮುಟ್ಟುತ್ತದೆ. ಈ ಗ್ರಂಥಿ ಕತ್ತಲಾದಾಗ ಮಾತ್ರ ಮೆಲಟೋನಿನ್ ಎಂಬ ಹಾರ್ಮೋನು ಬಿಡುತ್ತದೆ. ಹಾರ್ಮೋನು ಅಂದರೆ ರಕ್ತದಲ್ಲಿ ಹರಿದು ಒಂದು ಅಂಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ರಾಸಾಯನಿಕ. ರಾತ್ರಿ ಉದ್ದವಾದರೆ ಮೆಲಟೋನಿನ್ ಹೆಚ್ಚು ಹೊತ್ತು ಹರಿಯುತ್ತದೆ, ಗಿಡ್ಡವಾದರೆ ಕಡಿಮೆ ಹೊತ್ತು. ಕುರಿಯ ಮೈಗೆ ತಿಂಗಳು ಯಾವುದೆಂದು ತಿಳಿಯುವುದು ಹೀಗೆ. ಮೆಲಟೋನಿನ್ ಅನ್ನು 1958ರಲ್ಲಿ ಆರನ್ ಲರ್ನರ್ ಎಂಬ ಅಮೆರಿಕದ ಚರ್ಮವೈದ್ಯರು ದನಗಳ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿ ತೆಗೆದರು.

ಮುಂದಿನ ಕೊಂಡಿ ಮೆದುಳಿನ ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿಯ ಕುತ್ತಿಗೆಯಂಥ ಭಾಗ. ಮೆಲಟೋನಿನ್ ಎಷ್ಟು ಹೊತ್ತು ಬಂತೆಂದು ಅಳೆಯುವುದು ಅದೇ. ರಾತ್ರಿ ಗಿಡ್ಡವಾದ ಕಾಲದಲ್ಲಿ ಅದು ಒಂದು ಸಂದೇಶವನ್ನು ಹಿಂದಕ್ಕೆ, ಮೆದುಳಿನ ಕಡೆಗೇ ಕಳಿಸುತ್ತದೆ. ಆಗ ಅಲ್ಲಿಯ ಕೋಶಗಳು ಥೈರಾಯ್ಡ್ ಹಾರ್ಮೋನನ್ನು ಅದರ ಚುರುಕಾದ ರೂಪಕ್ಕೆ, ಅಂದರೆ ಟಿ3ಗೆ, ಬದಲಾಯಿಸುತ್ತವೆ. ತಂಪು ದೇಶದ ಕುರಿಯಲ್ಲಿ ಬೆದೆಯ ಕಾಲವನ್ನು ಮುಗಿಸುವುದು ಈ ಟಿ3. ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದ ಕುರಿಗಳಲ್ಲಿ ಬೆದೆಯ ಕಾಲ ಮುಗಿಯದೆ ಮುಂದುವರಿದದ್ದನ್ನು ಸಂಶೋಧಕರು ಕಂಡಿದ್ದಾರೆ. ರಾತ್ರಿ ಉದ್ದವಾದಾಗ ಟಿ3 ಇಳಿಯುತ್ತದೆ, ಹಿಡಿದಿದ್ದ ಕೈ ಸಡಿಲವಾಗುತ್ತದೆ.

ಈಗ ಬಾಗಿಲಿಗೆ ಬಂದೆವು. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನಲ್ಲಿ ಕಿಸ್‌ಪೆಪ್ಟಿನ್ ಎಂಬ ಸಂದೇಶ ಬಿಡುವ ನರಕೋಶಗಳಿವೆ. ಇದರ ಜೀನ್ 1996ರಲ್ಲಿ ಅಮೆರಿಕದ ಹರ್ಷಿ ಊರಿನಲ್ಲಿ ಸಿಕ್ಕಿತು, ಅದೂ ಕ್ಯಾನ್ಸರ್ ಸಂಶೋಧನೆ ಮಾಡುವಾಗ. ಸಂತಾನಕ್ಕೂ ಇದಕ್ಕೂ ಏನು ಸಂಬಂಧ ಎಂದು ತಿಳಿದದ್ದು 2003ರಲ್ಲಿ, ಇದರ ಸಂದೇಶ ಹಿಡಿಯುವ ಜೀನ್ ಕೆಟ್ಟ ಮನುಷ್ಯರಲ್ಲಿ ಪ್ರಾಯವೇ ಬರುವುದಿಲ್ಲ ಎಂದು ಗೊತ್ತಾದಾಗ. ಕುರಿಯ ಮೆದುಳಿನಲ್ಲಿ ಈ ಕೋಶಗಳು ಕಿಸ್‌ಪೆಪ್ಟಿನ್ ಜೊತೆಗೆ ಇನ್ನೂ ಎರಡು ಸಂದೇಶ ಬಿಡುತ್ತವೆ ಎಂದು 2007ರಲ್ಲಿ ತೋರಿಸಲಾಯಿತು. ನ್ಯೂರೊಕೈನಿನ್ ಬಿ ಎಂಬುದು ಎಬ್ಬಿಸುತ್ತದೆ, ಡೈನಾರ್ಫಿನ್ ಎಂಬುದು ತಡೆಯುತ್ತದೆ. ಎಬ್ಬಿಸು, ತಡೆ, ಎಬ್ಬಿಸು, ತಡೆ. ಹಗ್ಗ ಜಗ್ಗಿ ಬಿಟ್ಟಂತೆ ನಡೆಯುವ ಈ ಆಟದಿಂದಲೇ ಮುಂದಿನ ಹಾರ್ಮೋನು ಧಾರೆಯಾಗಿ ಸುರಿಯದೆ ಮಿಡಿತ ಮಿಡಿತವಾಗಿ ಬರುತ್ತದೆ.

ಆ ಮುಂದಿನ ಹಾರ್ಮೋನಿನ ಹೆಸರು ಜಿಎನ್‌ಆರ್‌ಎಚ್. ಹತ್ತೇ ಅಮೈನೊ ಆಮ್ಲಗಳ ಸಣ್ಣ ಸರ. ಇದನ್ನು ಬಿಡಿಸಿದ ಇಬ್ಬರಲ್ಲಿ ಆಂಡ್ರ್ಯೂ ಶಾಲಿ ಹಂದಿಗಳ ಮೆದುಳಿನಿಂದ ತೆಗೆದರೆ, ರೋಜರ್ ಗಿಯೆಮಾ ಕಸಾಯಿಖಾನೆಯಿಂದ ಲಕ್ಷಗಟ್ಟಲೆ ಕುರಿಗಳ ಮೆದುಳಿನ ಚೂರು ತಂದು ತೆಗೆದರು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂದು ದನ, ಎಮ್ಮೆ, ಮನುಷ್ಯರಿಗೆಲ್ಲ ಕೊಡುವ ಸಂತಾನ ಚಿಕಿತ್ಸೆಯ ಒಂದು ದೊಡ್ಡ ಭಾಗ ಕುರಿಯ ತಲೆಯಿಂದ ಬಂದ ಅರಿವು. ಕುರಿ ಕಾಯುವವರಿಗೆ ಇದು ತಿಳಿದಿರಬೇಕು ಅನ್ನಿಸಿ ಹೇಳಿದೆ.

ಜಿಎನ್‌ಆರ್‌ಎಚ್ ಮಿಡಿದಂತೆಲ್ಲ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಇವು ಅಂಡಾಶಯಕ್ಕೆ ಹೋಗಿ ಅಂಡದ ಗುಳ್ಳೆ ಬೆಳೆಸುತ್ತವೆ. ಗುಳ್ಳೆಯಿಂದ ಈಸ್ಟ್ರೊಜನ್ ಬರುತ್ತದೆ. ಅದು ಏರಿದಾಗ ಎಲ್‌ಎಚ್ ಒಮ್ಮೆಗೇ ಉಕ್ಕಿ ಅಂಡ ಬಿಡುಗಡೆಯಾಗುತ್ತದೆ. ಒಡೆದ ಗುಳ್ಳೆಯ ಜಾಗದಲ್ಲಿ ಹಳದಿ ಗಡ್ಡೆಯೊಂದು ಬೆಳೆದು ಪ್ರೊಜೆಸ್ಟರಾನ್ ಬಿಡುತ್ತದೆ. ಗಬ್ಬ ನಿಲ್ಲದಿದ್ದರೆ ಗಡ್ಡೆ ಕರಗಿ 16–17 ದಿನಕ್ಕೆ ಚಕ್ರ ಮತ್ತೆ ಮೊದಲಾಗುತ್ತದೆ. ಬೆದೆ ಇರುವುದು 24ರಿಂದ 36 ಗಂಟೆ ಮಾತ್ರ.

ಇಲ್ಲಿ ಒಂದು ವಿಚಿತ್ರವಿದೆ, ಗಮನಿಸಿ. ಬೆದೆಯ ಕಾಲದಲ್ಲಿ ಎಲ್‌ಎಚ್ ಉಕ್ಕಿಸುವ ಅದೇ ಈಸ್ಟ್ರೊಜನ್, ಬೆದೆ ಇಲ್ಲದ ಕಾಲದಲ್ಲಿ ಅದನ್ನು ಅದುಮಿಡುತ್ತದೆ. 1977ರಲ್ಲಿ ಅಮೆರಿಕದ ಮಿಷಿಗನ್‌ನ ಸಂಶೋಧಕರು ಕುರಿಗಳ ಅಂಡಾಶಯ ತೆಗೆದು, ಚರ್ಮದಡಿ ಈಸ್ಟ್ರೊಜನ್ ಕೊಳವೆ ಇಟ್ಟು, ಅದರ ಪ್ರಮಾಣ ವರ್ಷವಿಡೀ ಒಂದೇ ಸಮ ಇರುವಂತೆ ನೋಡಿಕೊಂಡರು. ಆದರೂ ಎಲ್‌ಎಚ್ ಬೇಸಿಗೆಯಲ್ಲಿ ಕುಸಿಯಿತು, ಬೆದೆಯ ಕಾಲದಲ್ಲಿ ಏರಿತು. ಬದಲಾದದ್ದು ಹಾರ್ಮೋನಿನ ಪ್ರಮಾಣವಲ್ಲ, ಅದನ್ನು ಕೇಳಿಸಿಕೊಳ್ಳುವ ಮೆದುಳಿನ ಕಿವಿ. ಆದ್ದರಿಂದಲೇ “ಒಂದು ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಬೆದೆ ಬರುತ್ತದೆ” ಎಂಬ ಮಾತನ್ನು ನಂಬಬೇಡಿ. ಕೇಳುವ ಮೆದುಳು ಸಿದ್ಧವಾಗಿಲ್ಲದಿದ್ದರೆ ಅದೇ ಹಾರ್ಮೋನು ಉಲ್ಟಾ ಕೆಲಸ ಮಾಡೀತು.

ಹಂತ 2: ನಮ್ಮ ಊರಿನ ಹಗಲನ್ನು ಲೆಕ್ಕ ಹಾಕಿ

ಜತ್ತ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ಹಗಲು ಇಲ್ಲಿ 13 ಗಂಟೆಗಿಂತ ತುಸು ಹೆಚ್ಚು, ಡಿಸೆಂಬರ್ 21ರದು 11 ಗಂಟೆಗಿಂತ ತುಸು ಹೆಚ್ಚು. ವರ್ಷಪೂರ್ತಿ ವ್ಯತ್ಯಾಸ ಎರಡೇ ಗಂಟೆ. ಇಂಗ್ಲೆಂಡಿನಲ್ಲಿ ಈ ವ್ಯತ್ಯಾಸ ಸುಮಾರು 9 ಗಂಟೆ. ಅಲ್ಲಿಯ ಕುರಿ ಹಗಲು ಗಿಡ್ಡವಾಗುತ್ತಿದ್ದಂತೆ, ಚಳಿಗಾಲದ ಮುಂಚೆ ಬೆದೆಗೆ ಬಂದು, ವಸಂತದ ಹುಲ್ಲಿಗೆ ಸರಿಯಾಗಿ ಈಯುತ್ತದೆ. ಐದು ತಿಂಗಳ ಮುಂಚೆಯೇ ಹುಲ್ಲಿನ ದಿನ ಲೆಕ್ಕ ಹಾಕಬೇಕಾದ ಕುರಿಗೆ ಬೆಳಕಿಗಿಂತ ನಂಬಿಗಸ್ತ ಪಂಚಾಂಗ ಬೇರೆ ಇಲ್ಲ.

ನಮ್ಮಲ್ಲಿ ನೋಡಿ. ಮಿರಗದ ಮಳೆ ಬಿದ್ದು ಹಸಿರು ಚಿಗುರಿ ಕುರಿ ಬೆದೆಗೆ ಬರುವುದು ಜೂನಿನಲ್ಲಿ, ಹಗಲು ಅತಿ ಉದ್ದ ಇರುವಾಗ! ಬೆಳಕಿನ ನಿಯಮವೇ ಆಳುತ್ತಿದ್ದರೆ ಅದು ನಿದ್ದೆಯ ಕಾಲವಾಗಬೇಕಿತ್ತು. ನಮ್ಮ ತಳಿಗಳಲ್ಲಿ ಪೀನಿಯಲ್, ಮೆಲಟೋನಿನ್, ಕಿಸ್‌ಪೆಪ್ಟಿನ್ ಎಲ್ಲವೂ ಇವೆ, ಸುದ್ದಿಯ ದಾರಿಯೂ ಅದೇ. ಆದರೆ ಬೆಳಕಿನ ಬೀಗ ಬಿಗಿಯಾಗಿಲ್ಲ. ಮೇವು ಸರಿಯಾಗಿದ್ದರೆ ವರ್ಷದ ಬೇರೆ ತಿಂಗಳುಗಳಲ್ಲೂ ಬೆದೆಗೆ ಬರುವ ಕುರಿಗಳನ್ನು ನೀವೇ ನೋಡಿದ್ದೀರಿ.

ಹಾಗಾಗಿ ಈ ಮೂರು ತಪ್ಪು ಮಾಡಬೇಡಿ. ದಡ್ಡಿಗೆ ಕಪ್ಪು ತಾಡಪತ್ರಿ ಹೊದಿಸಿ ಕತ್ತಲು ಮಾಡುವುದು ಬೇಡ. ಗಾಳಿ ಆಡದೆ, ಸೆಕೆಗೆ ಮರಿಗಳಿಗೆ ನ್ಯುಮೋನಿಯಾ ಬಂದೀತೇ ಹೊರತು ಬೆದೆ ಬರುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಮನುಷ್ಯರ ನಿದ್ದೆಗೆ ಮಾರುವ ಮೆಲಟೋನಿನ್ ಗುಳಿಗೆ ತಿನ್ನಿಸಬೇಡಿ. ಹೊರದೇಶಗಳಲ್ಲಿ ಬಳಸುವುದು ಕಿವಿಯ ಬುಡದ ಚರ್ಮದಡಿ ಇಡುವ 18 ಮಿಲಿಗ್ರಾಂ ತುಂಡು. ಅದು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗಿ, ರಾತ್ರಿ ಉದ್ದವಾಗಿದೆ ಎಂದು ಮೆದುಳನ್ನು ನಂಬಿಸುತ್ತದೆ. ಗುಳಿಗೆ ಕೆಲವು ಗಂಟೆಯಲ್ಲಿ ರಕ್ತದಿಂದ ಮಾಯವಾಗುತ್ತದೆ. ಇನ್ನು ತೋಳದ ಭಯಕ್ಕೆ ರಾತ್ರಿ ಉರಿಸುವ ಬಲ್ಬನ್ನು ಬೆದೆಯ ಚಿಂತೆಯಿಂದ ಆರಿಸಬೇಡಿ. ಒಂದು ಬಲ್ಬಿನಿಂದ ನಮ್ಮ ಕುರಿ ಬಂಜೆಯಾಗುವುದಿಲ್ಲ.

ಹಂತ 3: ಬೆನ್ನು ಮುಟ್ಟಿ ನೋಡಿ, ಕಾಳು ಕೊಡಿ

ಮೆದುಳಿನ ಬಾಗಿಲಿಗೆ ಹೊಟ್ಟೆಯ ಸುದ್ದಿಯೂ ಹೋಗುತ್ತದೆ. ಮೈಯ ಕೊಬ್ಬಿನಿಂದ ಲೆಪ್ಟಿನ್ ಎಂಬ ಹಾರ್ಮೋನು, ತಿಂದ ಮೇವಿನಿಂದ ಏರುವ ಇನ್ಸುಲಿನ್ ಮತ್ತು ಗ್ಲೂಕೋಸ್, ಇವೆಲ್ಲ “ಮನೆಯಲ್ಲಿ ಕಾಳಿದೆ, ಮರಿ ಸಾಕಬಹುದು” ಎಂದು ಹೈಪೊಥಲಾಮಸ್‌ಗೆ ತಿಳಿಸುತ್ತವೆ. ಬಡಕಲು ಕುರಿಯಲ್ಲಿ ಕಿಸ್‌ಪೆಪ್ಟಿನ್ ಇಳಿಯುತ್ತದೆ, ಎಲ್‌ಎಚ್ ಮಿಡಿತ ನಿಧಾನವಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಒಣ ಕಣಕಿ, ಜಾಲಿ ಕಾಯಿ ತಿಂದು ಬದುಕಿದ ಕುರಿ ಬೆದೆಗೆ ಬರದಿದ್ದರೆ ಅದು ರೋಗವಲ್ಲ. ಮೆದುಳು ಯೋಚಿಸಿ ಹಾಕಿದ ಬೀಗ.

ಟಗರು ಬಿಡುವ ಮೂರು ವಾರ ಮೊದಲು ಪ್ರತಿ ಕುರಿಯ ಬೆನ್ನು ಮುಟ್ಟಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮುಂದೆ, ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಇಟ್ಟು ಪಕ್ಕದ ಚಾಚುಗಳನ್ನು ಬೆರಳ ತುದಿಯಿಂದ ಒತ್ತಿ. ಮೂಳೆ ಚೂಪಾಗಿ ಚುಚ್ಚಿದರೆ 1 ಅಥವಾ 2 ಅಂಕ. ಒತ್ತಿದಾಗ ದುಂಡಗೆ ಸಿಕ್ಕರೆ 3. ಒತ್ತಿದರೂ ಸಿಗದಿದ್ದರೆ 4 ಅಥವಾ 5. ನಮಗೆ ಬೇಕಾದದ್ದು 3ರ ಆಸುಪಾಸು. ಕಣ್ಣಳತೆ ನಂಬಬೇಡಿ. ಕರಿ ಉಣ್ಣೆಯ ದಖ್ಖನಿ ಕುರಿ ಉಣ್ಣೆ ಬೆಳೆದಾಗ ದಪ್ಪವಾಗಿ ಕಾಣುತ್ತದೆ, ಒಳಗೆ ಮೂಳೆ ಇರುತ್ತದೆ.

2 ಅಂಕದವುಗಳಿಗೆ ನುಚ್ಚು ಮಾಡಿದ ಗೋವಿನಜೋಳ ಅಥವಾ ಜೋಳ ದಿನಕ್ಕೆ 200–250 ಗ್ರಾಂ, ಜೊತೆಗೆ ಒಂದು ಹಿಡಿ ಶೇಂಗಾ ಹಿಂಡಿ, ಖನಿಜ ಮಿಶ್ರಣ ಕೊಡಿ. ಟಗರು ಬಿಡುವ ಎರಡು ಮೂರು ವಾರ ಮೊದಲು ಶುರು ಮಾಡಿ, ಬಿಟ್ಟ ಮೇಲೂ ಎರಡು ವಾರ ಮುಂದುವರಿಸಿ. ಹೀಗೆ ಮೇವು ಏರಿಸುವುದು ಮೆದುಳನ್ನಷ್ಟೇ ಅಲ್ಲ, ನೇರವಾಗಿ ಅಂಡಾಶಯವನ್ನೂ ಮುಟ್ಟಿ ಹೆಚ್ಚು ಗುಳ್ಳೆ ಉಳಿಯುವಂತೆ ಮಾಡುತ್ತದೆ. ಅವಳಿ ಮರಿಯ ಸಂಭವ ಏರುವುದು ಇಲ್ಲಿಂದ. ಈಗಾಗಲೇ ದಪ್ಪವಿರುವ ಕುರಿಗೆ ಮಾತ್ರ ಇದರಿಂದ ಏನೂ ಆಗದು.

ಎಚ್ಚರ: ಕಾಳನ್ನು ಒಂದೇ ದಿನ ಕಾಲು ಕಿಲೋ ಸುರಿಯಬೇಡಿ. ಹೊಟ್ಟೆಯಲ್ಲಿ ಆಮ್ಲ ಏರಿ ಕುರಿ ಉಬ್ಬರಿಸಿ ಸಾಯುತ್ತದೆ. 50 ಗ್ರಾಂನಿಂದ ಶುರು ಮಾಡಿ ಒಂದು ವಾರದಲ್ಲಿ ಏರಿಸಿ. ಗಟ್ಟಿ ಕುರಿ ತಾನೇ ಎಲ್ಲ ತಿನ್ನದಂತೆ ಬಡಕಲು ಕುರಿಗಳನ್ನು ಬೇರೆ ಕಟ್ಟಿ. ನೀರಾವರಿ ಇರುವವರು ಕುದುರೆ ಮೆಂತ್ಯದ ಹಸಿ ಮೇವನ್ನೇ ಪೂರ್ತಿ ಕೊಡುವುದನ್ನು ಈ ವಾರಗಳಲ್ಲಿ ತಪ್ಪಿಸಿ. ಎಲೆ ರೋಗ ಅಥವಾ ಹೇನು ತಗುಲಿದ ಕುದುರೆ ಮೆಂತ್ಯದಲ್ಲಿ ಈಸ್ಟ್ರೊಜನ್‌ನಂತೆ ನಟಿಸುವ ವಸ್ತು ಏರುತ್ತದೆ, ಅದರಿಂದ ಅಂಡಗಳ ಸಂಖ್ಯೆ ಇಳಿಯುತ್ತದೆ.

ಅವಳಿಯ ಮಾತು ಬಂದದ್ದರಿಂದ ಇನ್ನೊಂದು ಗೊಂದಲ ಬಿಡಿಸುತ್ತೇನೆ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗಾರೊಲ್ ಕುರಿಯಿಂದ ಅವಳಿ ತರುವ ಜೀನನ್ನು ದಖ್ಖನಿ ರಕ್ತಕ್ಕೆ ಸೇರಿಸಿ ನಾರಿ ಸುವರ್ಣ ಎಂಬ ಕುರಿ ರೂಪಿಸಿದ್ದಾರೆ. ಆ ಜೀನ್ ಕೆಲಸ ಮಾಡುವುದು ಮುಖ್ಯವಾಗಿ ಅಂಡಾಶಯದಲ್ಲಿ. ಅದು ಮರಿಗಳ ಸಂಖ್ಯೆ ಏರಿಸುತ್ತದೆ, ಬೆದೆಯ ಕಾಲವನ್ನು ಬದಲಿಸಲೆಂದು ತಂದದ್ದಲ್ಲ. ಆ ಟಗರು ತಂದವರೂ ಇಲ್ಲಿಯ ಎಲ್ಲ ಹಂತ ಮಾಡಲೇಬೇಕು.

ಹಂತ 4: ಟಗರನ್ನು ಎರಡು ತಿಂಗಳು ಮುಂಚೆ ನೋಡಿಕೊಳ್ಳಿ

ಟಗರಿನಲ್ಲಿ ವೀರ್ಯಾಣು ತಯಾರಾಗಲು ಸುಮಾರು ಏಳು ವಾರ, ಮಾಗಿ ಹೊರಬರಲು ಇನ್ನೂ ಒಂದೆರಡು ವಾರ ಬೇಕು. ಜೂನಿನಲ್ಲಿ ಹಾರುವ ಟಗರಿನ ವೀರ್ಯ ತಯಾರಾಗುವುದು ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ. ಸೊಲ್ಲಾಪುರದ ಕಡೆ ಆಗ 40 ಡಿಗ್ರಿ ದಾಟುತ್ತದೆ. ಟಗರಿಗೆ ಮಧ್ಯಾಹ್ನ ನೆರಳು, ದಿನಕ್ಕೆ ಮೂರು ಸಲ ನೀರು ಕೊಡಿ. ತೊಡೆಯ ನಡುವಿನ ಬೀಜಗಳನ್ನು ಹಿಡಿದು ನೋಡಿ. ಎರಡೂ ಸಮ, ಗಟ್ಟಿ, ಗಂಟಿಲ್ಲದೆ ಇರಬೇಕು. ಗೊರಸು ಕೊಳೆತ ಟಗರು ಹಾರಲಾರದು. ಜ್ವರ ಬಂದ ಟಗರನ್ನು ಎರಡು ತಿಂಗಳು ನಂಬಬೇಡಿ.

25–30 ಕುರಿಗೆ ಒಂದು ಟಗರು ಸಾಕು.

ಹಂತ 5: ಬೇರ್ಪಡಿಸಿ, ಆಮೇಲೆ ಒಮ್ಮೆಗೇ ಬಿಡಿ

ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಈ ಹಂತದಲ್ಲಿದೆ, ನಿಧಾನವಾಗಿ ಓದಿ.

ಬೆದೆ ನಿಂತ ಕುರಿಗಳ ನಡುವೆ ಹೊಸ ಟಗರು ಬಂದರೆ ಅವುಗಳ ಮೆದುಳು ಎಚ್ಚರಗೊಳ್ಳುತ್ತದೆ ಎಂಬುದನ್ನು ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 1944ರಲ್ಲೇ ಬರೆದಿಟ್ಟರು. ಟಗರಿನ ಉಣ್ಣೆಯ ಜಿಡ್ಡಿನ ವಾಸನೆ, ಅದರ ನೋಟ, ಸದ್ದು, ಮೂಸುವ ರೀತಿ ಇವೆಲ್ಲ ಸೇರಿ ಹೈಪೊಥಲಾಮಸ್ ಮುಟ್ಟುತ್ತವೆ. ಸ್ವಲ್ಪ ಹೊತ್ತಿನಲ್ಲೇ ಎಲ್‌ಎಚ್ ಮಿಡಿತ ಚುರುಕಾಗುತ್ತದೆ, ಎರಡು ಮೂರು ದಿನದಲ್ಲಿ ಅನೇಕ ಕುರಿಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಆದರೆ ಬೆದೆ ಕಾಣುವುದಿಲ್ಲ! ಕುರಿ ಟಗರಿಗೆ ನಿಲ್ಲಬೇಕಾದರೆ ಅದರ ಮೆದುಳು ಮೊದಲು ಕೆಲವು ದಿನ ಪ್ರೊಜೆಸ್ಟರಾನ್ ಸವಿದಿರಬೇಕು, ಆಮೇಲೆ ಈಸ್ಟ್ರೊಜನ್ ಏರಬೇಕು. ತಿಂಗಳುಗಟ್ಟಲೆ ನಿದ್ದೆಯಲ್ಲಿದ್ದ ಕುರಿಯಲ್ಲಿ ಪ್ರೊಜೆಸ್ಟರಾನ್ ಇರಲಿಲ್ಲ. ಆದ್ದರಿಂದ ಮೊದಲ ಅಂಡ ಮೂಕವಾಗಿ ಹೋಗುತ್ತದೆ.

ಆಮೇಲೆ ಕುರಿಗಳು ಎರಡು ಗುಂಪಾಗುತ್ತವೆ. ಒಂದು ಗುಂಪಿನಲ್ಲಿ ಹಳದಿ ಗಡ್ಡೆ ಪೂರ್ತಿ ಆಯುಷ್ಯ ಬಾಳುತ್ತದೆ, ಆ ಕುರಿಗಳು ಟಗರು ಬಿಟ್ಟ ಸುಮಾರು 18ನೆಯ ದಿನ ಬೆದೆಗೆ ಬರುತ್ತವೆ. ಇನ್ನೊಂದು ಗುಂಪಿನಲ್ಲಿ ಗಡ್ಡೆ ಆರೇಳು ದಿನಕ್ಕೇ ಕರಗುತ್ತದೆ, ಮತ್ತೊಮ್ಮೆ ಮೂಕ ಅಂಡ ಬಿಡುಗಡೆಯಾಗುತ್ತದೆ, ಆಮೇಲೆ ಪೂರ್ತಿ ಚಕ್ರ ನಡೆದು ಸುಮಾರು 24ನೆಯ ದಿನ ಬೆದೆ ಕಾಣುತ್ತದೆ. ಅಂದರೆ ಜೂನ್ 10ಕ್ಕೆ ಟಗರು ಬಿಟ್ಟರೆ ಜೂನ್ 28ರ ಸುತ್ತ ಒಂದು ಅಲೆ, ಜುಲೈ 4ರ ಸುತ್ತ ಇನ್ನೊಂದು ಅಲೆ. ಹದಿನೈದನೆಯ ದಿನ ಏನೂ ಕಾಣದೆ ಬೇಸರಪಟ್ಟು ಟಗರು ಬದಲಿಸಿದವರು, ಅಥವಾ ಸಂತೆಗೆ ಹೊಡೆದವರು, ಮೂರೇ ದಿನ ತಾಳಬೇಕಿತ್ತು. ನನಗೆ ಅತಿ ಬೇಸರ ತರುವ ತಪ್ಪು ಇದು, ಒಳ್ಳೆಯ ಟಗರುಗಳು ಸುಮ್ಮನೆ ಕಸಾಯಿ ಪಾಲಾಗುತ್ತವೆ.

ಮೊದಲೇ ಚಕ್ರ ನಡೆಯುತ್ತಿರುವ ಕುರಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಬೇರೆ ಬೇರೆ ದಿನ, 17 ದಿನದೊಳಗೆ ಬೆದೆಗೆ ಬರುತ್ತವೆ.

ಮಾಡುವ ಕ್ರಮ ಹೀಗೆ. ಮೇ ಮೊದಲ ವಾರದಿಂದ ಟಗರನ್ನು ಹಿಂಡಿನಿಂದ ಒಂದು ತಿಂಗಳು ಪೂರ್ತಿ ದೂರ ಇಡಿ, ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗದಷ್ಟು ದೂರ. ದಡ್ಡಿಯ ಮೂಲೆಯಲ್ಲಿ ಗೂಟಕ್ಕೆ ಕಟ್ಟಿದರೆ ಬೇರ್ಪಡಿಸಿದಂತಾಗಲಿಲ್ಲ. ನಾಲ್ಕಾರು ಮನೆಯ ಕುರಿ ಒಂದೇ ಹಿಂಡಾಗಿ ಹೊರಡುವವರು, ಹೊಲದಲ್ಲಿ ಕುರಿ ತರುಬುವವರು ಪಕ್ಕದ ಹಿಂಡಿನ ಟಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಸಾಧ್ಯವೇ ಇಲ್ಲವೆಂದರೆ ಕುರಿಗಳು ಎಂದೂ ನೋಡದ ಟಗರನ್ನು ತನ್ನಿ. ಹೊಸತನವೂ ಮೆದುಳನ್ನು ಎಬ್ಬಿಸುತ್ತದೆ. ಬಿಡುವ ದಿನ ಎಲ್ಲ ಟಗರುಗಳನ್ನು ಒಟ್ಟಿಗೆ ಬಿಡಿ, ರಾತ್ರಿಯೂ ಜೊತೆಗೇ ಇರಲಿ. ಹಗಲು ಬಿಟ್ಟು ರಾತ್ರಿ ಕಟ್ಟಿದರೆ ಮಿಡಿತ ಮತ್ತೆ ಇಳಿಯಬಹುದು.

ಮೊದಲ ಎರಡು ವಾರ ಹೇಗೂ ಹೆಚ್ಚಿನ ಕುರಿ ನಿಲ್ಲುವುದಿಲ್ಲ. ಆ ದಿನಗಳಿಗೆ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟಿದ ಟಗರನ್ನು ಎಬ್ಬಿಸಲು ಬಿಟ್ಟು, 15ನೆಯ ದಿನ ತಳಿಯ ಟಗರು ಬಿಟ್ಟರೆ ಒಳ್ಳೆಯ ಟಗರು ದಣಿಯದೆ ಉಳಿಯುತ್ತದೆ.

ಹಂತ 6: ಬಣ್ಣ ಹಚ್ಚಿ, ದಿನ ಬರೆಯಿರಿ

ಕುರಿಯ ಬೆದೆ ಆಕಳಿನಂತೆ ಕೂಗಿ ಹೇಳುವುದಿಲ್ಲ. ಟಗರಿಲ್ಲದೆ ಅದನ್ನು ಗುರುತಿಸುವುದೇ ಕಷ್ಟ. ಬಾಲ ಅಲ್ಲಾಡಿಸುವುದು, ಟಗರಿನ ಹಿಂದೆ ಸುಳಿಯುವುದು, ಹಾರಿದಾಗ ಕದಲದೆ ನಿಲ್ಲುವುದು, ಇಷ್ಟೇ. ಆದ್ದರಿಂದ ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕಾವಿ ಬಳಿಯಿರಿ. ಹಾರಿದ ಕುರಿಯ ಬೆನ್ನಿಗೆ ಕೆಂಪು ಹತ್ತುತ್ತದೆ. ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಿರಿ, ಬೆಳಿಗ್ಗೆ ದಡ್ಡಿ ಬಿಡುವಾಗ ಹೊಸ ಗುರುತಿನ ಕುರಿಗಳನ್ನು ನೋಟ್‌ಬುಕ್ಕಿಗೆ ಏರಿಸಿ.

31ನೆಯ ದಿನದಿಂದ ನೀಲಿಗೆ ಬದಲಿಸಿ. 18 ಮತ್ತು 24ನೆಯ ದಿನದ ಅಲೆಯಲ್ಲಿ ಕೆಂಪಾದ ಕುರಿ ಮತ್ತೆ ನೀಲಿಯಾದರೆ ಗಬ್ಬ ನಿಂತಿಲ್ಲ ಎಂದರ್ಥ. ಒಂದೆರಡು ಕುರಿ ಹಾಗಾದರೆ ಚಿಂತೆಯಿಲ್ಲ. ಅರ್ಧ ಹಿಂಡೇ ನೀಲಿಯಾದರೆ ಆಗ ಟಗರಿನ ಮೇಲೆ ಸಂಶಯಪಡಿ, ವೀರ್ಯ ಪರೀಕ್ಷೆ ಮಾಡಿಸಿ. ಬಣ್ಣವೇ ಹತ್ತದ ಕುರಿಗಳ ಬೆನ್ನನ್ನು ಮತ್ತೆ ಮುಟ್ಟಿ ನೋಡಿ, ಬಹುಪಾಲು ಮೂಳೆ ಚುಚ್ಚುತ್ತದೆ. 50ನೆಯ ದಿನಕ್ಕೆ ಟಗರು ತೆಗೆಯಿರಿ. ವರ್ಷವಿಡೀ ಬಿಟ್ಟರೆ ಮುಂದಿನ ಸಲ ಹೊಸ ಟಗರಿನ ಪರಿಣಾಮ ಸಿಗುವುದಿಲ್ಲ.

ಹಂತ 7: ಔಷಧ ಬೇಕೆನಿಸಿದರೆ

ಎಲ್ಲ ಕುರಿಗಳನ್ನು ಒಂದೇ ವಾರ ಬೆದೆಗೆ ತರಬೇಕಾದವರಿಗೆ ಪ್ರೊಜೆಸ್ಟರಾನ್ ಸ್ಪಂಜು ಇದೆ. ಔಷಧ ತುಂಬಿದ ಈ ಸ್ಪಂಜನ್ನು ಯೋನಿಯಲ್ಲಿ 12–14 ದಿನ ಇಟ್ಟು ತೆಗೆದರೆ, ಒಂದೂವರೆ ಎರಡು ದಿನದಲ್ಲಿ ಬೆದೆ ಬರುತ್ತದೆ. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ನಮ್ಮ ದೇಶದ್ದೇ ಸ್ಪಂಜು ರೂಪಿಸಿದೆ. ಇದು ಮಾಡುವ ಕೆಲಸ ಹಂತ 5ರಲ್ಲಿ ಹೇಳಿದ್ದೇ, ಮೆದುಳಿಗೆ ಪ್ರೊಜೆಸ್ಟರಾನ್ ಸವಿ ತೋರಿಸಿ ತೆಗೆಯುವುದು. ಜೊತೆಗೆ ಅಂಡ ಬೆಳೆಸುವ ಚುಚ್ಚುಮದ್ದೂ ಬೇಕಾಗಬಹುದು, ಪ್ರಮಾಣವನ್ನು ಪಶುವೈದ್ಯರೇ ಹೇಳಲಿ.

ಎಚ್ಚರಗಳು ಹಲವು. ಎಲ್ಲ ಕುರಿ ಒಂದೇ ದಿನ ಬೆದೆಗೆ ಬಂದರೆ 30ಕ್ಕೆ ಒಂದು ಟಗರು ಸಾಲದು, ಹತ್ತಕ್ಕೆ ಒಂದು ಬೇಕು. ಇನ್ನೂ ಟಗರು ಕಾಣದ ಹೆಣ್ಣುಮರಿಗಳಿಗೆ ಸ್ಪಂಜು ತೂರಿಸಬೇಡಿ, ಗಾಯವಾಗುತ್ತದೆ. ಕೈಗವಸು ಹಾಕಿ. ಗರ್ಭಿಣಿ ಹೆಣ್ಣುಮಕ್ಕಳು ಸ್ಪಂಜನ್ನು ಮುಟ್ಟಲೇಬಾರದು. ಕೆಲವರು ಬೆದೆ ಬರಿಸಲು ಪ್ರೊಸ್ಟಗ್ಲಾಂಡಿನ್ ಚುಚ್ಚಿಸುತ್ತಾರೆ. ಅದು ಹಳದಿ ಗಡ್ಡೆಯನ್ನು ಕರಗಿಸುವ ಮದ್ದು. ಗಡ್ಡೆಯೇ ಇಲ್ಲದ, ನಿದ್ದೆಯಲ್ಲಿರುವ ಕುರಿಗೆ ಅದರಿಂದ ಉಪಯೋಗವಿಲ್ಲ. ಗೊತ್ತಿಲ್ಲದೆ ಹೊಸದಾಗಿ ಗಬ್ಬ ನಿಂತ ಕುರಿಗೆ ಚುಚ್ಚಿದರೆ ಗಬ್ಬ ಕಳೆಯುತ್ತದೆ.

ಬಡಕಲು ಹಿಂಡಿಗೆ ಸ್ಪಂಜಿನ ದುಡ್ಡು ಸುರಿಯುವ ಬದಲು ಅದೇ ದುಡ್ಡಿಗೆ ಜೋಳ ತನ್ನಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 8: ಐದು ಹುಣ್ಣಿಮೆ ಎಣಿಸಿ

ಬಣ್ಣ ಹತ್ತಿದ ಮೇಲಿನ ಮೊದಲ ಮೂರು ನಾಲ್ಕು ವಾರ ಕುರಿಯನ್ನು ಟೆಂಪೊದಲ್ಲಿ ತುಂಬಿ ಸಾಗಿಸುವುದು, ದೂರ ಓಡಿಸುವುದು, ಮೇವು ಒಮ್ಮೆಗೇ ಕಡಿತ ಮಾಡುವುದು ಬೇಡ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಕಾಲ ಅದು.

ಕುರಿಯ ಗಬ್ಬದ ಅವಧಿ 147ರಿಂದ 150 ದಿನ. ಐದು ಹುಣ್ಣಿಮೆಗಳ ಅಂತರ ಸರಿಸುಮಾರು 148 ದಿನ. ಆದ್ದರಿಂದ ಕಾರ ಹುಣ್ಣಿಮೆಗೆ ಟಗರು ಹಾರಿದ ಕುರಿ ಗೌರಿ ಹುಣ್ಣಿಮೆಯ ಆಚೀಚೆ ಈಯುತ್ತದೆ. ಅಧಿಕ ಮಾಸ ನಡುವೆ ಬಂದ ವರ್ಷ ಹುಣ್ಣಿಮೆಯ ಹೆಸರು ನೋಡಬೇಡಿ, ಆಕಾಶ ನೋಡಿ ಐದು ಎಣಿಸಿ. ಜೂನ್ 28ರ ಅಲೆಯ ಕುರಿಗಳಿಗೆ ನವೆಂಬರ್ 23, ಜುಲೈ 4ರ ಅಲೆಗೆ ನವೆಂಬರ್ 29 ಎಂದು ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಹೊತ್ತಿಗೆ. ಅದರ ಹುಲ್ಲು ತಿಂದು ಕೆಚ್ಚಲು ಕಟ್ಟಿದ ಕುರಿಗೆ ನವೆಂಬರಿನ ಮರಿ ಸಾಕಲು ಹಾಲು ಇರುತ್ತದೆ. ಕೊನೆಯ ಆರು ವಾರದಲ್ಲಿ ಮರಿ ಹೆಚ್ಚು ಬೆಳೆಯುವುದರಿಂದ ಅಕ್ಟೋಬರ್ ಮಧ್ಯದಿಂದ ಕಾಳನ್ನು ಮತ್ತೆ ಶುರು ಮಾಡಿ, ಈಯುವ ದಿನದ ಒಂದು ವಾರ ಮೊದಲು ಆ ಕುರಿಗಳನ್ನು ದೂರದ ಮೇವಿಗೆ ಒಯ್ಯದೆ ದಡ್ಡಿಯ ಹತ್ತಿರವೇ ಉಳಿಸಿಕೊಳ್ಳಿ.